ಅಕ್ಕ ಇಳಿಸಿದ ತೂಕ

ಅಂಬುಜಕ್ಕನಿಗೆ ಬಳೆ ತೊಡಿಸುವುದೆಂದರೆ ಬಳೆಗಾರ್ತಿಗೆ ಹಣೆಯಲ್ಲಿ ಬೆವರೊಡೆಯುತ್ತಿತ್ತು. ಮೊದಲು ಕೈಗೆ ಸೋಪು ಹಚ್ಚಿ, ಬೆರಳುಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಬಳೆ ಗಿಣ್ಣು ದಾಟುವ ತನಕ ಅವಳೂ ಅಕ್ಕನೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ದಾಟಿದೊಡನೆ ಇಬ್ಬರೂ ನಗುತ್ತಿದ್ದರು. ಹಾಗೆ ಏರಿದ ಹಸಿರು ಬಳೆಗಳು ಒಡೆಯುವ ತನಕ ಆ ದುಂಡು ಮುಂಗೈಯಿಂದ ಅಲುಗುತ್ತಿರಲಿಲ್ಲ, ಸದ್ದು ಮಾಡುತ್ತಿರಲಿಲ್ಲ. ಅಕ್ಕ ಅಡುಗೆಮನೆಯಲ್ಲಿದ್ದಾಳೋ ಹಿತ್ತಿಲಲ್ಲಿದ್ದಾಳೋ ಬಳೆಯ ಸದ್ದಿನಿಂದ ತಿಳಿಯುವ ಹಾಗೇ ಇರಲಿಲ್ಲ.

ಆ ವರ್ಷ ಮೊದಲ ಸಲ ನನಗೆ ಅವಳ ಬಳೆಯ ಸದ್ದು ಕೇಳಿಸಿತು.

ನಾನು ಅಪ್ಪನ ಹಾಗೆ ಉದ್ದ. ಅಕ್ಕ ನಮ್ಮ ಅಜ್ಜಿಯ ಅಚ್ಚು, ನಾಲ್ಕಡಿ ಎಂಟಿಂಚು. "ನಾನು ನಿಂತರೂ ಕೂತ ಹಾಗೇ ಕಾಣ್ತೀನಿ ಅಲ್ಲವೇನೇ?" ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಮದುವೆ ಮುಂಜಿಗಳಿಗೆ ಚಕ್ಕುಲಿ, ಹೋಳಿಗೆ, ಚಿರೋಟಿ ಮಾಡಿಕೊಡುವುದು ಅವಳ ಕಸುಬು. ಮಾಡಿದ್ದನ್ನು ಮನಸಾರೆ ತಿನ್ನುತ್ತಿದ್ದಳು, ಬಂದವರಿಗೂ ಒತ್ತಾಯ ಮಾಡಿ ತಿನ್ನಿಸುತ್ತಿದ್ದಳು. ಒಂದು ಹಿಡಿ ಕೇಳಿದವರಿಗೆ ಡಬ್ಬಿ ತುಂಬಾ ಕೊಟ್ಟು ಕಳಿಸುವ ಸ್ವಭಾವ. ಹುಡುಗಿಯರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು ಮದುವೆಯಾಗದೆ ಉಳಿದು ಅವರ ಮನೆಯ ಒಂದು ಕೋಣೆಯಲ್ಲಿದ್ದೆ. ಭಾವ ಮಿತಭಾಷಿ, ಸಕ್ಕರೆ ಕಾಯಿಲೆಯವರು. ಅವರಿಬ್ಬರಿಗೂ ಒಬ್ಬಳೇ ಮಗಳು ಮೈತ್ರೇಯಿ.

ಅಂಥ ಅಕ್ಕ ಐವತ್ತರ ಹತ್ತಿರದಲ್ಲಿ ಒಂದು ಬೆಳಿಗ್ಗೆ ಭಾವನ ಕ್ಯಾನ್‌ವಾಸ್ ಬೂಟು ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಕೆರೆಯ ಸುತ್ತ ನಡೆಯತೊಡಗಿದಳು. ರಾತ್ರಿ ಊಟ ಬಿಟ್ಟಳು. ಎಣ್ಣೆ ಬಿಟ್ಟಳು, ಸಿಹಿ ಬಿಟ್ಟಳು. ಊರು ಸುಮ್ಮನಿರುತ್ತದೆಯೇ? "ಮಗಳು ಹಾಸಿಗೆ ಹಿಡಿದಿದ್ದಾಳೆ, ತಾಯಿಗೆ ಈಗ ಸೊಂಟ ಸಣ್ಣ ಮಾಡೋ ಶೋಕಿ ಹತ್ತಿದೆ" ಎಂದು ನಲ್ಲಿಕಟ್ಟೆಯಲ್ಲಿ ಹೆಂಗಸರು ಆಡಿಕೊಂಡದ್ದು ನನ್ನ ಕಿವಿಗೇ ಬಿತ್ತು. ನಾನು ಜಗಳಕ್ಕೆ ಹೊರಟಾಗ ಅಕ್ಕ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಏನೂ ಹೇಳಬೇಡ ಕಣೆ. ಕೊಡೋದಕ್ಕೆ ಮೊದಲೇ ಕೊಟ್ಟೆ ಅಂತ ಅನ್ನಿಸಿಕೊಳ್ಳಬಾರದು."

ಅವಳು ಕೊಡಬೇಕೆಂದಿದ್ದುದು ತನ್ನ ಒಂದು ಕಿಡ್ನಿಯನ್ನು.

ಮೈತ್ರೇಯಿಗೆ ಇಪ್ಪತ್ತಮೂರು ತುಂಬಿದ ಕೆಲವೇ ದಿನಗಳಲ್ಲಿ ಕಾಲು ಊದಿಕೊಳ್ಳಲು ಶುರುವಾಯಿತು. ಚಪ್ಪಲಿ ಬಿಗಿಯಾಯಿತೆಂದು ಹೊಸ ಚಪ್ಪಲಿ ತಂದೆವು. ಆಮೇಲೆ ಮುಖ ಊದಿತು. ನಮ್ಮೂರಿನ ಆಸ್ಪತ್ರೆಯಲ್ಲಿ ರಕ್ತ ನೋಡಿದವರು, ಎರಡು ಕಿಡ್ನಿಗಳೂ ಸೋತಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕು, ಯಾರಾದರೂ ಕಿಡ್ನಿ ಕೊಡುವ ತನಕ ಅದೇ ಗತಿ ಎಂದರು. ಭಾವ ಕೊಡುವ ಹಾಗಿರಲಿಲ್ಲ, ಸಕ್ಕರೆ ಇತ್ತು. ನನ್ನ ರಕ್ತದ ಗುಂಪು ಬೇರೆ. ಅಕ್ಕನದು ಎಲ್ಲಾ ಹೊಂದಿತು. ಹೊಂದಿದೆ ಎಂದು ತಿಳಿದ ದಿನ ಅಕ್ಕ ದೇವರ ಮುಂದೆ ಕೂತು ಅತ್ತಳು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಒಗ್ಗರಣೆಯ ಘಮ ಎದ್ದಿತು.

ಆಪರೇಷನ್ ಆಗಬೇಕಾದದ್ದು ಅರ್ಧ ದಿನದ ದಾರಿಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ. ಮಳೆಗಾಲದ ಮೊದಲಲ್ಲಿ ಬಾಡಿಗೆ ಕಾರು ಮಾಡಿಕೊಂಡು ಎಲ್ಲರೂ ಹೋದೆವು. ವಯಸ್ಸಿನಲ್ಲಿ ಇನ್ನೂ ಚಿಕ್ಕವರಾದ, ಅವಸರದಲ್ಲಿದ್ದ ಒಬ್ಬ ಡಾಕ್ಟರು ಅಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಅರವತ್ತೊಂಬತ್ತಕ್ಕೆ ಹೋಗಿ ನಿಂತಿತು. ಅವರು ಗೋಡೆಯತ್ತ ತಿರುಗಿದರು. ಯಾವ ಎತ್ತರದವರು ಎಷ್ಟು ತೂಕವಿರಬೇಕೆಂಬ ಪಟ್ಟಿ ಅಲ್ಲಿ ತೂಗುಹಾಕಿತ್ತು. ಆ ಪಟ್ಟಿ ಕೆಳತುದಿಯಲ್ಲಿ ಐದಡಿಯಿಂದ ಶುರುವಾಗುತ್ತಿತ್ತು. ಅಕ್ಕನ ಎತ್ತರದವರು ಲೋಕದಲ್ಲಿ ಇರಬಹುದೆಂದು ಅದನ್ನು ಮಾಡಿದವರಿಗೆ ತೋರಿರಲಿಲ್ಲ. ಡಾಕ್ಟರು ಒಂದು ಕ್ಷಣ ತಡೆದು, ಪಟ್ಟಿಯ ಕೆಳಗಿನ ಬರಿಗೋಡೆಯ ಮೇಲೆ ಬೆರಳಾಡಿಸುತ್ತಾ, ಇಂಚಿಗಿಷ್ಟು ಎಂದು ಮನಸ್ಸಿನಲ್ಲೇ ಕಳೆದರು.

"ನಿಮ್ಮ ಎತ್ತರಕ್ಕೆ ನಲವತ್ತೈದು ಇರಬೇಕಮ್ಮಾ. ಈ ತೂಕದಲ್ಲಿ ಒಂದು ಕಿಡ್ನಿ ತೆಗೆದರೆ ಉಳಿದ ಒಂದಕ್ಕೆ ನಾಳೆ ಕಷ್ಟ, ನಿಮಗೂ ಅಪಾಯ. ಆದಷ್ಟು ಅದರ ಹತ್ತಿರ ಬನ್ನಿ, ಆಮೇಲೆ ನೋಡೋಣ" ಎಂದರು.

ಅವರು ಮನುಷ್ಯರು ಒಳ್ಳೆಯವರೇ. ಬಾಗಿಲ ತನಕ ಬಂದು ಮೈತ್ರೇಯಿಯ ಬೆನ್ನು ತಟ್ಟಿದರು. ಆದರೆ ಅಕ್ಕನಿಗೆ "ಆದಷ್ಟು ಹತ್ತಿರ" ಎಂಬ ಮಾತು ಕೇಳಿಸಲೇ ಇಲ್ಲ. ನಲವತ್ತೈದು ಮಾತ್ರ ಕೇಳಿಸಿತು.

ಆಮೇಲಿನ ತಿಂಗಳುಗಳಲ್ಲಿ ಆ ಮನೆಯಲ್ಲಿ ಇಬ್ಬರು ಅಳತೆಯ ಮೇಲೆ ಬದುಕಿದರು. ಮೈತ್ರೇಯಿಗೆ ನೀರು ಅಳೆದು ಕೊಡಬೇಕು, ಅಕ್ಕ ತನಗೆ ತಾನೇ ಅನ್ನ ಅಳೆದುಕೊಳ್ಳಬೇಕು. ಮಗಳು ನಾಲಿಗೆ ಒಣಗಿ ಐಸಿನ ಚೂರು ಚೀಪುತ್ತಾ ಕೂತರೆ, ತಾಯಿ ಹಸಿವು ತಡೆಯಲು ಜೀರಿಗೆ ಅಗಿಯುತ್ತಾ ಪಕ್ಕದಲ್ಲಿ ಕೂರುತ್ತಿದ್ದಳು. ಒಪ್ಪಿಕೊಂಡ ಕೆಲಸ ಬಿಡುವ ಹಾಗಿರಲಿಲ್ಲ. ಕುದಿಯುವ ಎಣ್ಣೆಯ ಮುಂದೆ ಕೂತು ಚಕ್ಕುಲಿ ಕರಿಯುವಾಗಲೂ ಅಕ್ಕ ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. "ಉಪ್ಪು ಸಾಕಾ ನೋಡೇ" ಎಂದು ನನ್ನನ್ನು ಕರೆಯುತ್ತಿದ್ದಳು. ನಾನು ತಿಂದು ಹೇಳುವಾಗ ಅವಳ ಕಣ್ಣು ನನ್ನ ಬಾಯಿಯ ಮೇಲೇ ಇರುತ್ತಿತ್ತು.

ಡಯಾಲಿಸಿಸ್ ಕೋಣೆಯಲ್ಲಿ ಮೈತ್ರೇಯಿಯನ್ನು ಮೊದಲೂ ಆಮೇಲೂ ತೂಗುತ್ತಿದ್ದರು, ಮೈಯಲ್ಲಿ ಎಷ್ಟು ನೀರು ನಿಂತಿದೆಯೆಂದು ತಿಳಿಯಲು. ಅವಳು ಇಳಿದೊಡನೆ ಅಕ್ಕ ಹತ್ತುತ್ತಿದ್ದಳು. ಒಂದು ದಿನ ಮೈತ್ರೇಯಿ ಹಾಸಿಗೆಯಿಂದಲೇ ನಕ್ಕು, "ಅಮ್ಮಾ, ನನಗೆ ಏರಿದರೆ ಬೈತಾರೆ, ನಿನಗೆ ಇಳಿಯದಿದ್ದರೆ ನೀನೇ ಬೈಕೋತೀಯ. ಇಬ್ಬರದೂ ಸೇರಿಸಿ ಅರ್ಧರ್ಧ ಮಾಡಿಕೊಳ್ಳೋಣ್ವಾ?" ಎಂದಳು. ನರ್ಸು ಕೂಡ ನಕ್ಕಳು. ಆ ಕೋಣೆಯಲ್ಲಿ ನಾನು ಕೇಳಿದ ನಗು ಅದೊಂದೇ.

ದೀಪಾವಳಿಗೆ ಮೊದಲೇ ಮುಳ್ಳು ಅರವತ್ತರಿಂದ ಕೆಳಗಿಳಿಯಿತು. ಅಕ್ಕನ ಬಳೆ ಸದ್ದು ಮಾಡತೊಡಗಿದ್ದು ಆಗಲೇ.

"ಅಕ್ಕಾ, ಒಂದು ಸಲ ಹೋಗಿ ತೋರಿಸಿಕೊಂಡು ಬರೋಣ" ಎಂದೆ.

"ಅರ್ಧಕ್ಕೇ ಹೋಗಿ ನಿಂತರೆ ವಾಪಸು ಕಳಿಸ್ತಾರೆ ಕಣೆ."

"ಕಳಿಸಿದರೆ ಕಳಿಸಲಿ. ಕೇಳೋದಕ್ಕೇನು?"

"ಅವತ್ತು ಕಾರಿನಲ್ಲಿ ಬರೋವಾಗ ನೀನು ಮುಂದೆ ಕೂತಿದ್ದೆ, ಮೈತ್ರಿ ಮುಖ ನೋಡಲಿಲ್ಲ. ದಾರಿಯುದ್ದಕ್ಕೂ ಕಿಟಕಿ ಕಡೆ ತಿರುಗಿಕೊಂಡೇ ಇತ್ತು ಮಗು. ಇನ್ನೊಂದು ಸಲ ಅವಳ ಎದುರಿಗೆ ನಾನು ಇಲ್ಲ ಅನ್ನಿಸಿಕೊಳ್ಳಲ್ಲ. ಪೂರಾ ಇಳಿಸಿಕೊಂಡೇ ಹೋಗ್ತೀನಿ."



ಐವತ್ತೆರಡರ ಹತ್ತಿರ ಬಂದು ಮೈ ಹಟ ಹಿಡಿಯಿತು. ಏನು ಮಾಡಿದರೂ ಇಳಿಯಲೊಲ್ಲದು. ಅಕ್ಕ ಅನ್ನ ಪೂರ್ತಿ ಬಿಟ್ಟಳು. ಮಜ್ಜಿಗೆ, ಒಂದು ಸೌತೆಕಾಯಿ, ಮತ್ತೆ ಮಜ್ಜಿಗೆ. ಬೆಳಿಗ್ಗೆಯ ಜೊತೆಗೆ ಸಂಜೆಯೂ ಕೆರೆಯ ಸುತ್ತ ನಡೆದಳು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಕೈ ಎತ್ತಿದರೆ ಹಸಿರು ಬಳೆಗಳು ಗಲಗಲನೆ ಮೊಣಕೈ ತನಕ ಜಾರಿ ಹೋಗುತ್ತಿದ್ದವು. ಸಣ್ಣ ಅಳತೆಯವು ತೊಡಿಸುತ್ತೇನೆಂದು ಬಳೆಗಾರ್ತಿ ಬಂದಾಗ, "ಈಗ ಬೇಡ. ಆಪರೇಷನ್ ಆಗಲಿ, ಮೈತ್ರಿಗೂ ನನಗೂ ಒಟ್ಟಿಗೆ ತೊಡಿಸುವೆಯಂತೆ" ಎಂದು ಕಳಿಸಿದಳು. ಬಳೆ ಬಿದ್ದುಹೋಗದಂತೆ ದಾರ ಸುತ್ತಿಕೊಂಡಳು.

ಒಂದು ಸಂಜೆ ಕೆರೆ ಏರಿಯ ಮೇಲೆ ತಲೆ ಸುತ್ತಿ ಬಿದ್ದವಳನ್ನು ಯಾರೋ ಕರೆತಂದು ಬಿಟ್ಟರು. ಭಾವ ಅವತ್ತು ಮೊದಲ ಸಲ ಗಟ್ಟಿಯಾಗಿ ಮಾತಾಡಿದರು. "ಒಬ್ಬಳನ್ನು ಉಳಿಸಿಕೊಳ್ಳೋಕೆ ಹೋಗಿ ಇಬ್ಬರನ್ನೂ ಕಳಕೊಳ್ಳಲಾ ನಾನು?" ಮೈತ್ರೇಯಿ ತಟ್ಟೆ ದೂಡಿ, "ಅಮ್ಮ ತಿನ್ನೋ ತನಕ ನನಗೂ ಬೇಡ" ಎಂದಳು. ಅಕ್ಕ ಅವಳ ಎದುರಿಗೆ ಎರಡು ತುತ್ತು ತಿಂದಳು. ಮಾರನೆಯ ದಿನ ಆ ಎರಡು ತುತ್ತಿಗಾಗಿ ಇನ್ನೊಂದು ಸುತ್ತು ಹೆಚ್ಚು ನಡೆದಳು.

ನಲವತ್ತೇಳಕ್ಕೆ ಬಂದಾಗ, ಇನ್ನು ಕಾಯಲಾಗದೆ, ನಾವೇ ಬಲವಂತ ಮಾಡಿ ಹೊರಡಿಸಿದೆವು. ದಾರಿಯ ಇಕ್ಕೆಲದ ಮಾವಿನ ಮರಗಳಲ್ಲಿ ಆಗಲೇ ಕಾಯಿ ಜೋತುಬಿದ್ದಿತ್ತು. ಅಕ್ಕ ಮದುವೆಗೆ ಹೊರಟವಳ ಹಾಗೆ ಹೊಸ ಸೀರೆ ಉಟ್ಟಿದ್ದಳು. ರವಿಕೆಯ ತೋಳು ಗಾಳಿಗೆ ಪಟಪಟ ಬಡಿಯುತ್ತಿತ್ತು.

ಆ ಹಳೆಯ ಡಾಕ್ಟರು ಅಲ್ಲಿರಲಿಲ್ಲ, ವರ್ಗವಾಗಿತ್ತು. ಅವರ ಜಾಗದಲ್ಲಿ ತಲೆ ನರೆತ ಒಬ್ಬ ಡಾಕ್ಟರಮ್ಮ ಇದ್ದರು. ಅವರು ಅಕ್ಕನ ಕೈ ಹಿಡಿದು ನಾಡಿ ನೋಡಹೋದರು. ದಾರ ಸುತ್ತಿದ ಬಳೆಗಳು ಕೆಳಕ್ಕೆ ಜಾರಿ ಅವರ ಬೆರಳಿಗೆ ತಾಗಿದವು. ಅವರು ಅವನ್ನು ಮೇಲೆ ಸರಿಸಲಿಲ್ಲ. ಸುಮ್ಮನೆ ನೋಡಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತ ತೆಗೆಸಿ, ಮಧ್ಯಾಹ್ನದ ಮೇಲೆ ನಮ್ಮನ್ನು ಮತ್ತೆ ಕರೆದರು. ಮೈತ್ರೇಯಿಯನ್ನು ಹೊರಗೆ ಭಾವನ ಜೊತೆ ಕೂರಿಸಿದ್ದೆವು.

"ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮಾ. ಇಂಥ ಸ್ಥಿತಿಯಲ್ಲಿ ನಿಮ್ಮನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸೋಕೆ ಆಗಲ್ಲ. ಯಾರು ಹೇಳಿದರು ಇಷ್ಟೊಂದು ಇಳಿಸೋಕೆ?"

ಅಕ್ಕ ಗೋಡೆಯ ಕಡೆ ಕೈ ತೋರಿದಳು. "ಅದನ್ನೇ ನೋಡಿ ಹೇಳಿದರು. ನಲವತ್ತೈದಕ್ಕೆ ಬರಬೇಕು ಅಂತ. ಇನ್ನೆರಡೇ ಉಳಿದಿರೋದು ಡಾಕ್ಟ್ರೇ. ಸ್ವಲ್ಪ ದಿನ ಕೊಡಿ, ಅದನ್ನೂ ಇಳಿಸಿಬಿಡ್ತೀನಿ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಹಳ ಮೆತ್ತಗೆ ಮಾತಾಡಿದರು.

"ಆ ಪಟ್ಟಿ ನಿಮ್ಮಂಥವರಿಗಲ್ಲಮ್ಮಾ. ಎತ್ತರ ಕಮ್ಮಿ ಇದೆ ಅಂತ ಮೂಳೆ, ಮಾಂಸ ಎಲ್ಲಾ ಇಂಚಿನ ಲೆಕ್ಕದಲ್ಲಿ ಕಮ್ಮಿಯಾಗಲ್ಲ. ಕಿಡ್ನಿ ಕೊಡೋಕೆ ನೀವು ಅರವತ್ತಕ್ಕೆ ಬಂದಿದ್ದರೆ ಸಾಕಾಗಿತ್ತು."

"ಅರವತ್ತು" ಎಂದಳು ಅಕ್ಕ. ನಿದ್ದೆಯಲ್ಲಿ ಬಸ್ಸು ದಾಟಿಹೋದ ಊರಿನ ಹೆಸರು ಕೇಳಿದವಳ ಹಾಗಿತ್ತು ಅವಳ ದನಿ. ಆಮೇಲೆ ನನ್ನ ಕಡೆ ತಿರುಗಿ, ಅದು ಯಾವಾಗ ಎಂದು ಕೇಳುವವಳಂತೆ ನೋಡಿದಳು. ದೀಪಾವಳಿಗೆ ಮೊದಲು ಎಂಬುದು ಇಬ್ಬರಿಗೂ ಗೊತ್ತಿತ್ತು.

ಚೆನ್ನಾಗಿ ಊಟ ಮಾಡಿ, ರಕ್ತ ಏರಿಸಿಕೊಂಡು ಮಳೆಗಾಲಕ್ಕೆ ಬನ್ನಿ, ನಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಹೊರಗೆ ಬಂದು ಅಕ್ಕ ಮಗಳಿಗೆ, "ಒಪ್ಪಿದ್ದಾರೆ ಕಣೆ. ಮಳೆ ಶುರುವಾಗಲಿ ಅಂದಿದ್ದಾರೆ" ಎಂದಳು. ಮೈತ್ರೇಯಿ ತಾಯಿಯ ಮುಖವನ್ನೇ ನೋಡಿ, "ಹೂಂ" ಎಂದಳು. ಹಿಂದಿರುಗುವಾಗ ಈ ಸಲ ನಾನು ಹಿಂದೆ ಕೂತಿದ್ದೆ. ಹುಡುಗಿ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಉಪವಾಸ ಕಲಿತ ಹೊಟ್ಟೆ ಊಟವನ್ನು ಮರೆತಿತ್ತು. ಅಕ್ಕ ತಿಂದದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದಳು. ಬಾಯಿ ಒರೆಸಿಕೊಂಡು ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದಳು. ಮೈತ್ರೇಯಿಯೇ ಅನ್ನ ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ, "ಇದೊಂದು, ಇದೊಂದೇ" ಎಂದು ತಾಯಿಯ ಬಾಯಿಗಿಡುತ್ತಿದ್ದಳು. ಒದ್ದೆಯಾದ ಆ ಕೈಯನ್ನು ತನ್ನ ತುಟಿಗೆ ಒತ್ತಿಕೊಳ್ಳುತ್ತಿದ್ದಳು, ಅಷ್ಟಾದರೂ ತಂಪಾಗಲೆಂದು.

ಮಳೆಗೆ ಇನ್ನೂ ಕೆಲವು ವಾರಗಳಿದ್ದವು. ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಬಂದ ಮೈತ್ರೇಯಿಗೆ ಚಳಿ ಹತ್ತಿತು. ಎಷ್ಟು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಹಾಕಿದ್ದ ಕೊಳವೆಯಿಂದ ರಕ್ತಕ್ಕೆ ನಂಜು ಸೇರಿದೆ ಎಂದರು. ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಸ್ವಲ್ಪ ಎಚ್ಚರವಾದಾಗ ಅವಳು ನನ್ನನ್ನು ಹತ್ತಿರ ಕರೆದು, "ಚಿಕ್ಕಮ್ಮಾ, ಅಮ್ಮಂಗೆ ಊಟ ಆಯ್ತಾ?" ಎಂದು ಕೇಳಿದಳು. ಆಯಿತು ಎಂದೆ. ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟಳು.

ನಮ್ಮಲ್ಲಿ ಅಸ್ಥಿ ಬಿಡಲು ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ಅಕ್ಕ ಯಾರ ಮಾತನ್ನೂ ಕೇಳಲಿಲ್ಲ, ಹೊರಟಳು. ಅವಳ ಜೊತೆಗೆ ನಾನೂ ಹೊರಟೆ. ಬಸ್ಸಿನಲ್ಲಿ ಭಾವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬಿಳಿ ಬಟ್ಟೆ ಕಟ್ಟಿದ ಮಡಕೆಯನ್ನು ಅಕ್ಕ ಸೆರಗಿನೊಳಗೆ ಮಡಿಲಲ್ಲಿಟ್ಟುಕೊಂಡಿದ್ದಳು. ಮಧ್ಯೆ ಒಂದು ಊರಿನಲ್ಲಿ ಹತ್ತಿದ ಹೆಂಗಸು ನಮ್ಮನ್ನೇ ದಿಟ್ಟಿಸಿ ನೋಡಿ, ಎದುರಿನ ಸೀಟಿನಲ್ಲಿ ಕೂತಳು. ಅಕ್ಕನ ಶಾಲೆಯ ದಿನಗಳ ಗೆಳತಿ ಪದ್ಮಾವತಿ. ಎಷ್ಟೋ ವರ್ಷಗಳಿಂದ ಸಂಪರ್ಕವಿರಲಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ.

"ಅಯ್ಯೋ, ಅಂಬುಜಾ! ಗುರುತೇ ಸಿಗಲಿಲ್ಲವಲ್ಲೇ! ಎಷ್ಟು ಸಣ್ಣಗಾಗಿಬಿಟ್ಟಿದ್ದೀಯ, ಹುಡುಗಿ ಥರ! ಏನೇ ಮಾಡಿದೆ?"

ನಾನು ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟನ್ನು ಅದುಮಿದಳು.

"ನಡೆದೆ" ಎಂದಳು.

"ನನ್ನನ್ನು ನೋಡು, ಉರುಳಿಕೊಂಡು ಓಡಾಡ್ತಿದ್ದೀನಿ. ನಾನೂ ನಿನ್ನ ಹಾಗೇ ಕುಳ್ಳಿ. ಒಬ್ಬರು ಒಂದು ಹೇಳ್ತಾರೆ, ಇನ್ನೊಬ್ಬರು ಇನ್ನೊಂದು. ನಮ್ಮಂಥವರು ನಿಜವಾಗಿ ಎಷ್ಟಿರಬೇಕೇ?"

ಅಕ್ಕ ಮಡಿಲಿನ ಮಡಕೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಬಸ್ಸು ಒಂದು ಸೇತುವೆ ದಾಟಿತು.

"ಅರವತ್ತು ಸಾಕಂತೆ, ಪದ್ದಾ" ಎಂದಳು. "ಅರವತ್ತಕ್ಕೆ ನಿಂತುಬಿಡು."

"ಅಷ್ಟೇನಾ?"

"ಅಷ್ಟೇ ಸಾಕು."

ಪದ್ಮಾವತಿಗೆ ಬಹಳ ಸಂತೋಷವಾಯಿತು. ತನ್ನ ಊರು ಬಂದಾಗ ಅಕ್ಕನ ಕೆನ್ನೆ ಸವರಿ, ಮನೆಗೆ ಬಾ ಎಂದು ಹೇಳಿ ಇಳಿದುಹೋದಳು.

ನದಿಯಲ್ಲಿ ನೀರು ಕಡಿಮೆಯಿತ್ತು. ಅಸ್ಥಿಯನ್ನು ನಡುಹೊಳೆಯಲ್ಲಿ ಬಿಡಬೇಕೆಂದು ದೋಣಿ ಹತ್ತಿದೆವು. ಮಡಕೆ ಈಗ ಭಾವನ ಕೈಯಲ್ಲಿತ್ತು. ಅವರು, ನಾನು, ಪುರೋಹಿತರು ಎಲ್ಲರೂ ಹಿಂಬದಿಯ ಹಲಗೆಯ ಮೇಲೆ ಒತ್ತಾಗಿ ಕೂತಿದ್ದೆವು, ಅಕ್ಕ ನಮ್ಮ ನಡುವೆ. ದಡ ಬಿಡುವ ಮುನ್ನ ಅಂಬಿಗ ಹುಟ್ಟಿನ ಮೇಲೆ ಕೈಯಿಟ್ಟುಕೊಂಡು ದೋಣಿಯ ಅಂಚನ್ನು ನೋಡಿದ.

"ಹಿಂದೆ ಭಾರ ಆಯ್ತು. ಯಾರಾದರೂ ಒಬ್ಬರು ಮುಂದಕ್ಕೆ ಹೋಗಿ ಕೂತ್ಕೊಳ್ಳಿ."

ಅಕ್ಕ ಎದ್ದಳು. ಯಾರ ಕೈಯನ್ನೂ ಹಿಡಿಯದೆ, ದೋಣಿಯ ಉದ್ದಕ್ಕೂ ನಡೆದು ಹೋಗಿ, ಮೂತಿಯ ಹಲಗೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ಅಂಬಿಗ ನೀರನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾದ. ದೋಣಿ ಇದ್ದ ಹಾಗೇ ಇತ್ತು.

"ಸಾಲದು. ಇನ್ನೊಬ್ಬರು ಹೋಗಿ" ಎಂದ.