ಬಾಯಿಲ್ಲದ ಕಾರು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಟಿಳಕವಾಡಿ ದಾಟುತ್ತಲೇ ಗುರುಪಾದಪ್ಪನ ಗ್ಯಾರೇಜು ಇತ್ತು. ಎಂಜಿನ್ ಕೆಲಸಕ್ಕೆ ಊರಲ್ಲಿ ಹತ್ತು ಮಂದಿ ಸಿಕ್ಕಾರು, ತಗಡು ಬಡಿದು ಸರಿಮಾಡುವ ಪತ್ರಾ ಕೆಲಸಕ್ಕೆ ಮಾತ್ರ ಗುರುಪಾದಪ್ಪನೇ ಆಗಬೇಕು ಎನ್ನುತ್ತಿದ್ದರು. ಲಾರಿ ಗುದ್ದಿ ಹಪ್ಪಳವಾದ ಬಾಗಿಲನ್ನು ಅವನು ಒಳಗಿನಿಂದ ಮೆಲ್ಲಗೆ ಬಡಿದು ಬಡಿದು, ಕೂಸಿನ ಕೆನ್ನೆಯ ಹಾಗೆ ನುಣುಪು ಮಾಡಿ ನಿಲ್ಲಿಸುತ್ತಿದ್ದ.

ಅವನು ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಆದರೆ ಮದುವೆಯಾದ ವರ್ಷವೇ ಹೆಂಡತಿ ಗಂಗಾದೇವಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಕಾಲೇಜಿನಲ್ಲಿ ಹೆಸರು ಹಚ್ಚಿಸಿದವನೂ ಅವನೇ. ಓಣಿಯವರು ನಕ್ಕರು. ನಾಳೆ ಈಕೆ ಗಂಡನ ಕೈಯಲ್ಲಿ ರೊಟ್ಟಿ ಬಡಿಸಿಕೊಂಡು ತಿನ್ನುತ್ತಾಳೆ ಎಂದರು. ಮಳೆಯಿರಲಿ ಬಿಸಿಲಿರಲಿ, ನಾಲ್ಕು ವರ್ಷ ಆ ಸೈಕಲ್ಲು ಒಂದು ದಿನ ತಪ್ಪಲಿಲ್ಲ. ಗಂಗಾದೇವಿ ಬಿ.ಎ. ಮುಗಿಸಿದಳು.

ಅವಳ ಇಂಗ್ಲಿಷಿನಿಂದ ಗಂಡ ಬಯಸಿದ್ದು ಒಂದೇ. ಕ್ಯಾಂಪಿನ ರದ್ದಿ ಅಂಗಡಿಯ ಬಂಡೆಪ್ಪನಿಗೆ, ವರ್ಗವಾಗಿ ಹೋಗುವ ಮಿಲಿಟರಿ ಸಾಹೇಬರ ಬಂಗಲೆಗಳಿಂದ ಹಳೆಯ ವಿದೇಶಿ ಮಾಸಿಕಗಳ ಗಂಟು ಬರುತ್ತಿತ್ತು. ಅದರಲ್ಲಿ ಕಾರಿನ ಚಿತ್ರ ಕಂಡರೆ ಬಂಡೆಪ್ಪ ತಕ್ಕಡಿಗೆ ಹಾಕದೆ ಬದಿಗಿಟ್ಟು, ಮಿಸ್ತ್ರಿ, ನಿಮ್ಮ ಪುರಾಣ ಬಂದೈತಿ ಎಂದು ಹೇಳಿಕಳಿಸುತ್ತಿದ್ದ. ಗುರುಪಾದಪ್ಪ ಕೈ ತೊಳೆದುಕೊಂಡು ಹೋಗಿ ತರುತ್ತಿದ್ದ. ಅವು ನಮ್ಮ ರಸ್ತೆಯಲ್ಲಿ ಓಡಾಡುವ ಅಂಬಾಸಿಡರ್, ಫಿಯಾಟುಗಳಲ್ಲ. ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಬಾಗಿಲು ಮೇಲಕ್ಕೆ ತೆರೆಯುವ ಕಾರು, ಬೆನ್ನಿಗೆ ವಿಮಾನದ ಬಾಲ ಅಂಟಿಸಿಕೊಂಡ ಕಾರು, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದ ಕೆಂಪು ಓಟದ ಕಾರು. ಯಾರೋ ಎಲ್ಲೋ ಕನಸು ಕಂಡು ಒಂದೊಂದೇ ಮಾಡಿಟ್ಟವು. ಸಂಜೆ ಊಟಕ್ಕೆ ಮೊದಲು ಗಂಗಾದೇವಿ ಚಿತ್ರದ ಕೆಳಗಿನ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳಬೇಕು. ಅವನು ಕಣ್ಣು ಮುಚ್ಚಿ ಕೇಳಬೇಕು. ಅದು ಆ ಮನೆಯ ಪಾರಾಯಣ.

ಅವಳು ಸುಳ್ಳು ಹೇಳಿದ್ದು ಅರವತ್ತೆಂಟರ ಮಳೆಗಾಲದಲ್ಲಿ. ಜಾಕು ಜಾರಿ ಕಾರಿನ ಅಡಿಗೆ ಸಿಕ್ಕು ಗುರುಪಾದಪ್ಪನ ಬಲಗೈ ಜಜ್ಜಿಹೋಗಿತ್ತು. ಬೆರಳುಗಳು ಉಳಿಯುತ್ತವೆ, ಸುತ್ತಿಗೆ ಹಿಡಿಯುತ್ತವೋ ಇಲ್ಲವೋ ಹೇಳಲಾರೆ ಎಂದಿದ್ದರು ಡಾಕ್ಟರು. ಅವನು ಆರು ವಾರ ಹೊರಸಿನ ಮೇಲೆ ಗೋಡೆ ನೋಡುತ್ತ ಮಲಗಿದ. ಆಗ ಬಂಡೆಪ್ಪ ತಾನೇ ಮನೆಗೆ ಬಂದು ಒಂದು ಮಾಸಿಕ ಕೊಟ್ಟುಹೋದ. ಅದರ ನಡುಪುಟದಲ್ಲಿ ಒಂದು ಬೆಳ್ಳಿ ಬಣ್ಣದ ಕಾರು. ಮೇಲೆ ಗಾಜಿನ ಗುಮ್ಮಟ, ಹಿಂದೆ ಮೀನಿನ ಬಾಲ. ಮುಂಭಾಗ ಮೊಟ್ಟೆಯ ತುದಿಯಂತೆ ನುಣ್ಣಗೆ, ಒಂದು ತೂತಿಲ್ಲ, ಒಂದು ಜಾಳಿಗೆಯಿಲ್ಲ. ಗುರುಪಾದಪ್ಪ ಅಷ್ಟು ದಿನಗಳಲ್ಲಿ ಮೊದಲ ಸಲ ಎದ್ದು ಕುಳಿತ.

"ಇದು ಓಡ್ತೈತೇನು, ಗಂಗಾ?"

ಗಂಗಾದೇವಿ ಓದಿದಳು. ಅದು ಪ್ರದರ್ಶನಕ್ಕೆಂದೇ ಮಾಡಿದ ಮಾದರಿ, ಕಟ್ಟಿಗೆಯ ಚೌಕಟ್ಟಿನ ಮೇಲೆ ಮಣ್ಣು ಮೆತ್ತಿ ಬಣ್ಣ ಬಳಿದದ್ದು, ಒಳಗೆ ಎಂಜಿನ್ ಇಲ್ಲ ಎಂದು ಬರೆದಿತ್ತು. ಅವಳು ತಲೆಯೆತ್ತಿ ನೋಡಿದಳು. ಪಟ್ಟಿ ಸುತ್ತಿದ ಕೈಯನ್ನು ಅವನು ಆ ಚಿತ್ರದ ಮೇಲೆ ಇಟ್ಟಿದ್ದ.

"ಓಡ್ತೈತ್ರಿ," ಎಂದಳು. "ತಾಸಿಗೆ ನೂರಿಪ್ಪತ್ತು ಮೈಲು."

ಮರುವಾರ ಅವನು ಎಡಗೈಯಿಂದ ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ಮಾಡತೊಡಗಿದ. ದೀಪಾವಳಿಗೆ ಸುತ್ತಿಗೆ ಹಿಡಿದ. ಚಿತ್ರವನ್ನಷ್ಟೇ ಕತ್ತರಿಸಿ, ಕಟ್ಟು ಹಾಕಿಸಿ ಗ್ಯಾರೇಜಿನ ಗೋಡೆಗೆ ತೂಗುಹಾಕಿದ. ಗೋವಾ ಕಡೆಗೆ ಹೊರಟ ವಿದೇಶಿಯರ ಗಾಡಿ ರಸ್ತೆಯಲ್ಲಿ ಕಂಡರೆ, ಎಂದಾದರೂ ಅದೇ ಬಂದೀತೆಂದು ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದ. ಹಾಗೆ ನಿಂತದ್ದನ್ನು ನೋಡಿದಾಗಲೆಲ್ಲ ಗಂಗಾದೇವಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ಯಾರಿಗೂ ನಷ್ಟವಿಲ್ಲದ ಮಾತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಹೀಗೆ ಹದಿಮೂರು ವರ್ಷ ಕಳೆಯಿತು.

ಎಂಬತ್ತೊಂದರ ಶಿವರಾತ್ರಿ ಹೊತ್ತಿಗೆ ಖಾನಾಪುರದ ಕಟ್ಟಿಗೆ ವ್ಯಾಪಾರಿ ಬಾಳಾಸಾಹೇಬರ ಫಿಯಾಟು ಗ್ಯಾರೇಜಿಗೆ ಬಂತು. ಗುಂಜಿ ಹತ್ತಿರ ಕಾಡಿನಿಂದ ಜಿಗಿದ ಕಡವೆಯೊಂದು ಅದರ ಮುಂಭಾಗವನ್ನೆಲ್ಲ ನುಗ್ಗಾಗಿಸಿತ್ತು. ಬಾಳಾಸಾಹೇಬರು ಚಹಾ ಕುಡಿಯುತ್ತ ಗೋಡೆಯ ಚಿತ್ರ ನೋಡಿದರು. ನೋಡುತ್ತ ಚಹಾ ಮರೆತರು. ಚಿಕ್ಕಂದಿನಲ್ಲಿ ಕ್ಷೌರದಂಗಡಿಯಲ್ಲಿ ಇಂಥವೇ ಚಿತ್ರಗಳನ್ನು ನೋಡುತ್ತ, ತಮ್ಮ ಪಾಳಿ ಬಂದರೂ ಬೇರೆಯವರಿಗೆ ಬಿಟ್ಟುಕೊಟ್ಟು ಕೂರುತ್ತಿದ್ದರಂತೆ. ಹೇಗೂ ಮುಂದಿನ ಪತ್ರಾ ಎಲ್ಲಾ ಹೋಗಿದೆ, ಇದನ್ನೇ ಇಂಥದ್ದು ಮಾಡಬಹುದೇ ಎಂದು ಕೇಳಿದರು.

"ಇದು ಬರೇ ಚಿತ್ರೋ, ಖರೇನ ಓಡೂದೋ, ಮಿಸ್ತ್ರಿ?"

"ಓಡ್ತೈತ್ರಿ. ನಮ್ಮ ಮನ್ಯಾಗ ಬಿ.ಎ. ಕಲ್ತಾರ್ರಿ, ಅವರ ಓದಿ ಹೇಳ್ಯಾರ," ಎಂದ ಗುರುಪಾದಪ್ಪ. ಅವನ ದನಿಯಲ್ಲಿದ್ದ ಹೆಮ್ಮೆ ಕೇಳಿ, ಚಹಾ ಕಪ್ಪುಗಳನ್ನು ತೆಗೆದುಕೊಳ್ಳಲು ಬಂದಿದ್ದ ಗಂಗಾದೇವಿ ಅಲ್ಲೇ ನಿಂತುಬಿಟ್ಟಳು. ಆಗಲೇ ಹೇಳಬಹುದಿತ್ತು. ಹೊರಗಿನವರ ಮುಂದೆ ಹೇಗೆ ಹೇಳುವುದು ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ನಾಗರ ಪಂಚಮಿಯ ಹೊತ್ತಿಗೆ ಕಾರು ಕೊಡುವುದೆಂದು ಮಾತಾಯಿತು. ಮೊದಲ ತಿಂಗಳು ಗ್ಯಾರೇಜಿನಲ್ಲಿ ಹಬ್ಬದ ಕಳೆ. ಗುರುಪಾದಪ್ಪ ನೆಲದ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಅಳತೆಯ ಕಾರು ಬರೆದ. ಬಾಲ ಎದ್ದಿತು, ಬೆನ್ನು ಇಳಿಯಿತು. ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಸಿಕ್ಕಿಕೊಂಡದ್ದು ಮುಂಭಾಗದಲ್ಲಿ. ಎಂಜಿನ್ನಿನ ಕಾವು ಇಳಿಸಲು ರೇಡಿಯೇಟರಿಗೆ ಗಾಳಿ ಬೇಕು. ಚಿತ್ರದ ಕಾರಿನ ಮೂತಿಯಲ್ಲಿ ಗಾಳಿ ಹೋಗಲು ಕಿಂಡಿಯೇ ಇಲ್ಲ. ಪತ್ರಾ ಬಡಿದು ಅಂಥದೇ ಮೂತಿ ಕೂರಿಸಿ ಓಡಿಸಿದ. ಮುಂದಿನ ಊರು ಮಚ್ಛೆ ದಾಟುವಷ್ಟರಲ್ಲಿ ನೀರು ಕುದಿಯಿತು. ಕೆಳಗಿನಿಂದ ದಾರಿ ಮಾಡಿದ, ಧೂಳು ತುಂಬಿತು. ಬದಿಯಿಂದ ಮಾಡಿದ, ಮತ್ತೆ ಕುದಿಯಿತು.

ಮುಂದೆ ಒಂದು ಕಿಂಡಿ ಕೊರೆದುಬಿಡಿ ಮಿಸ್ತ್ರಿ ಎಂದ ಜೊತೆಯ ಕೆಲಸಗಾರ ಮಾಯಪ್ಪ. ಗುರುಪಾದಪ್ಪ ಒಪ್ಪಲಿಲ್ಲ. ಅವರು ಕಿಂಡಿಯಿಲ್ಲದೆ ನೂರಿಪ್ಪತ್ತು ಮೈಲು ಓಡಿಸಿದ್ದಾರೆ, ಅಂದಮೇಲೆ ದಾರಿ ಇದ್ದೇ ಇದೆ, ತನ್ನ ತಲೆಗೆ ಹೊಳೆಯುತ್ತಿಲ್ಲ ಅಷ್ಟೆ ಎಂದ. ಒಂದು ಸಂಜೆ ಮಾಸಿಕವನ್ನು ತಂದು ಹೆಂಡತಿಯ ಮುಂದಿಟ್ಟು, ಗಾಳಿ ಎಲ್ಲಿಂದ ಹೋಗುತ್ತದೆಂದು ಎಲ್ಲಾದರೂ ಬರೆದಿದೆಯೇ, ಇನ್ನೊಮ್ಮೆ ನೋಡು ಎಂದು ಕೇಳಿಕೊಂಡ. ಅವಳು ನೋಡಿದ ಹಾಗೆ ಮಾಡಿ, ಬರೆದಿಲ್ಲ ಎಂದಳು. ಅದು ಸುಳ್ಳಲ್ಲ. ಆದರೆ ಅವತ್ತು ಅವಳಿಗೆ ಅನ್ನ ಇಳಿಯಲಿಲ್ಲ.

ಅವನಿಗೂ ಇಳಿಯುತ್ತಿರಲಿಲ್ಲ. ಬೇರೆ ಗಾಡಿಗಳನ್ನು ಮಾಯಪ್ಪನಿಗೆ ಬಿಟ್ಟು ಆ ಮೂತಿಯ ಮುಂದೆ ಕೂತಿರುತ್ತಿದ್ದ. ಮೂವತ್ತು ವರ್ಷ ಪತ್ರಾ ಬಡಿದದ್ದೇ ಬಂತು, ಬುದ್ಧಿ ಬರಲಿಲ್ಲ ಎನ್ನತೊಡಗಿದ. ಮೊದಲು ನಗುತ್ತ ಹೇಳಿದ, ಆಮೇಲೆ ನಗದೆ ಹೇಳಿದ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಗೋಡೆಯಿಂದ ಚಿತ್ರ ಇಳಿಸಿ, ಮಾಸಿಕಗಳನ್ನೆಲ್ಲ ಗಂಟು ಕಟ್ಟಿದ.

"ಖಾನಾಪುರಕ್ಕ ಹೋಗಿ ನನ್ನ ಕೈಲೆ ಆಗೂದಿಲ್ಲ ಅಂತ ಹೇಳಿ ಸಾಹೇಬ್ರಿಗೆ ಕೀಲಿ ಕೊಟ್ಟ ಬರ್ತೀನಿ. ಈ ಗಂಟು ಬಂಡೆಪ್ಪಗ ಒಯ್ದ ಕೊಡಂತ ಮಾಯಪ್ಪಗ ಹೇಳು. ನಮಗ್ಯಾಕ ಬೇಕು ಇವೆಲ್ಲಾ? ಮಡ್‌ಗಾರ್ಡ್ ಬಡಕೊಂಡ ಇದ್ದರಾತು."

ಗಂಗಾದೇವಿ ಗಂಟನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು, ಮಾಯಪ್ಪನಿಗೆ ಏನೂ ಹೇಳಲಿಲ್ಲ. ಹಬ್ಬದ ಪೂಜೆಗೆ ಮಣ್ಣೆತ್ತು ತರಬೇಕು, ತವರೂರಿನ ಭರಮವ್ವನ ಕೈಯದೇ ಆಗಬೇಕು ಎಂದು ನೆಪ ಹೇಳಿ ತಾನೂ ಹೊರಟಳು.

ರೈಲಿನಲ್ಲಿ ಹೇಳಬೇಕೆಂದುಕೊಂಡಳು. ದೇಸೂರು ಹೋಯಿತು, ಇದಲಹೊಂಡ ಹೋಯಿತು. ಮಳೆ ಹನಿ ಒಳಗೆ ಬಂದಾಗ ಅವನು ಏನೂ ಹೇಳದೆ ಎದ್ದು, ತಾನು ಕಿಟಕಿಯ ಕಡೆ ಕೂತು ಅವಳನ್ನು ಒಳಗೆ ಸರಿಸಿದ. ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡಳು.

ಖಾನಾಪುರದ ಕುಂಬಾರ ಓಣಿಯಲ್ಲಿ ಭರಮವ್ವ ಮನೆಯ ಕಟ್ಟೆಯ ಮೇಲೆ ಸಾಲಾಗಿ ಎತ್ತುಗಳನ್ನು ಮಾಡಿ ಇಟ್ಟಿದ್ದಳು. ಗುರುಪಾದಪ್ಪನ ಮುಖ ನೋಡಿ, ಕೇಳದೆಯೇ ಒಳಗಿನಿಂದ ಎರಡು ವಾಟಿ ಮಜ್ಜಿಗೆ ತಂದಳು. ಜೋಡೆತ್ತನ್ನು ಗಂಗಾದೇವಿಯ ಅಂಗೈಯಲ್ಲಿಟ್ಟು, ಇನ್ನೂ ಹಸಿ ಇವೆ, ಒತ್ತಿ ಹಿಡಿಯಬೇಡ ಎಂದಳು. ಒದ್ದೆ ಮಣ್ಣು ತಣ್ಣಗೆ ಅಂಗೈಗೆ ಅಂಟಿತು. ಇನ್ನು ಬಾಳಾಸಾಹೇಬರ ಮನೆಗೆ ಹತ್ತು ನಿಮಿಷದ ದಾರಿ ಮಾತ್ರ ಉಳಿದಿತ್ತು.

"ರೀ, ಆ ಕಾರು ಓಡೂದಿಲ್ರಿ," ಎಂದಳು.

"ಅದನ್ನ ಹೇಳಾಕ ಹೊಂಟೇನಲ್ಲ ಸಾಹೇಬ್ರಿಗೆ."

"ನಮ್ಮದಲ್ರಿ. ಚಿತ್ರದಾಗಿಂದು. ಅದಕ್ಕ ಎಂಜಿನ್ನ ಇದ್ದಿಲ್ಲ. ಕಟಗಿ ಮ್ಯಾಲ ಮಣ್ಣ ಮೆತ್ತಿ, ಬಣ್ಣಾ ಹಚ್ಚಿ, ಮಂದಿ ನೋಡ್ಲೆಂತ ಇಟ್ಟಿದ್ರಂತ. ಆವತ್ತ ನಿಮ್ಮ ಕೈ ನೋಡಿ ನನಗ ಬಾಯಿ ಬರಲಿಲ್ಲ."

ಭರಮವ್ವ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಒಲೆಯ ಮೇಲೆ ಏನೋ ಇಟ್ಟು ಬಂದವಳ ಹಾಗೆ ಒಳಗೆ ಹೋದಳು. ಗುರುಪಾದಪ್ಪ ವಾಟಿ ಕೆಳಗಿಟ್ಟ.

"ನೂರಿಪ್ಪತ್ತು ಮೈಲು?"

"ಅದೂ ನಾನ ಹೇಳಿದ್ದು."

"ಗಾಲಿ ಆದ್ರೂ ತಿರಗ್ತಿದ್ದುವೇನು?"

"ಗಾಲೀದ ಬರದಿಲ್ಲ," ಎಂದಳು. ಈಗ ಬರೆದದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲು ಅವಳಿಗೆ ಧೈರ್ಯವಿರಲಿಲ್ಲ.

ಅವನು ಕಟ್ಟೆಯ ಮೇಲಿನ ಎತ್ತುಗಳನ್ನು ನೋಡಿದ. ಆಮೇಲೆ ಅವನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೆಂದು ಗಂಗಾದೇವಿ ಗಾಬರಿಯಾದಳು. ಅವನು ನಗುತ್ತಿದ್ದ.

"ಮಣ್ಣೆತ್ತಿಗೆ ನೊಗಾ ಕಟ್ಟಿ, ಯಾಕ ಎಳಿವಲ್ದು ಅಂತ ನನ್ನ ನಾ ಬೈಕೋತ ಕುಂತಿದ್ನಲ್ಲ, ಗಂಗಾ. ಗಾಳಿ ಎಲ್ಲಿಂದ ಹೋಗಬೇಕು ಅನ್ನೂದು ಅವರಿಗೂ ಗೊತ್ತಿದ್ದಿಲ್ಲ."

ನಗು ನಿಂತ ಮೇಲೆ ಮೆಲ್ಲಗೆ ಹೇಳಿದ, "ಆವತ್ತಿಂದಕ್ಕ ನನಗ ಸಿಟ್ಟಿಲ್ಲ. ಆವತ್ತ ನೀ ಓಡೂದಿಲ್ಲ ಅಂದಿದ್ರ ನಾ ಮತ್ತ ಸುತಿಗಿ ಹಿಡೀತಿದ್ನೋ ಇಲ್ಲೋ. ಖರೇ, ಹೋದ ತಿಂಗಳ ಪುಸ್ತಕ ತಂದ ಮುಂದ ಇಟ್ನೆಲ್ಲ, ಆವಾಗ ಹೇಳಬೇಕಾಗಿತ್ತು."

"ಹೌದ್ರಿ. ಹೇಳಬೇಕಾಗಿತ್ತು," ಎಂದಳು ಗಂಗಾದೇವಿ. ಎತ್ತುಗಳನ್ನು ಬುಟ್ಟಿಯಲ್ಲಿ ಮೆಲ್ಲಗೆ ಇಟ್ಟುಕೊಂಡಳು.

ಬಾಳಾಸಾಹೇಬರು ಕಟ್ಟಿಗೆ ಅಡ್ಡೆಯಲ್ಲಿದ್ದರು. ಗುರುಪಾದಪ್ಪ ಜೇಬಿಗೆ ಕೈ ಹಾಕಿದ. ಹೊರಬಂದದ್ದು ಕೀಲಿಯಲ್ಲ, ಸೀಮೆಸುಣ್ಣ. ಹೊಸದಾಗಿ ಕೊಯ್ದ ಸಾಗವಾನಿ ಹಲಗೆಯ ಮೇಲೆ ಅವನು ಕಾರಿನ ಮೂತಿ ಬರೆದ. ಅದರ ಕೆಳಭಾಗದಲ್ಲಿ, ನಗುವಿಗೆ ಮೊದಲು ತುಟಿ ಬಿರಿಯುತ್ತದಲ್ಲ, ಅಷ್ಟೇ ಅಗಲದ ಒಂದು ಕಿಂಡಿ ಬರೆದ.

ಚಿತ್ರದಲ್ಲಿ ಇದು ಇರಲಿಲ್ಲವಲ್ಲ ಎಂದರು ಬಾಳಾಸಾಹೇಬರು. ಆ ಕಾರು ಓಡಿದ್ದಲ್ಲ, ತಾನು ತಪ್ಪು ತಿಳಿದಿದ್ದೆ ಎಂದ ಗುರುಪಾದಪ್ಪ. ಗಂಗಾದೇವಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅವರ ತಪ್ಪಲ್ರಿ ಸಾಹೇಬ್ರ. ತಪ್ಪ ಹೇಳಿದಾಕಿ ನಾನು."

ಬಾಳಾಸಾಹೇಬರ ಮುಖ ಪೆಪ್ಪರಮಿಂಟು ಕಸಿದುಕೊಂಡ ಹುಡುಗನ ಹಾಗಾಯಿತು. ಅಮೆರಿಕದಲ್ಲಿ ಓಡುವ ಕಾರು ಎಂದು ಬೀಡಿ ಊರಿನಿಂದ ಗುಂಜಿಯವರೆಗೆ ಹೇಳಿಕೊಂಡು ತಿರುಗಾಡಿದ್ದೇನೆ ಎಂದು ಗೊಣಗಿದರು. ಹಲಗೆಯ ಸುತ್ತ ಒಂದು ಸಲ ನಡೆದರು. ಬಗ್ಗಿ ಆ ಕಿಂಡಿಯನ್ನು ನೋಡಿದರು.

"ನಮ್ಮದು ಓಡ್ತೈತೇನು, ಮಿಸ್ತ್ರಿ? ಮನ್ಯಾಗ ಕೇಳಿ ಹೇಳಬ್ಯಾಡ್ರಿ. ನೀವ ಹೇಳ್ರಿ."

"ಓಡ್ತೈತ್ರಿ. ನೂರಿಪ್ಪತ್ತು ಆಗೂದಿಲ್ಲ. ನಲವತ್ತಕ್ಕ ಮೋಸಿಲ್ಲ."

"ಹಂಗಾರ ಇಂಥಾದ್ದು ಓಡಿದ್ದು ಮೊದಲ ನಮ್ಮ ಖಾನಾಪುರದಾಗ ಅಂತ ಹೇಳ್ತೀನ್ಬಿಡ್ರಿ," ಎಂದು ಬಾಳಾಸಾಹೇಬರು ಚಹಾ ಹೇಳಿದರು.

ಸಂಜೆಯ ರೈಲಿನಲ್ಲಿ ಜನ ಕಡಿಮೆ. ಗುರುಪಾದಪ್ಪ ಎತ್ತುಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಂಟು ಬಂಡೆಪ್ಪನಿಗೆ ಹೋಯಿತೇ ಎಂದು ಕೇಳಿದ. ಇಲ್ಲ, ಅಡುಗೆಮನೆಯಲ್ಲೇ ಇದೆ ಎಂದಳು. ಅವನು ತಲೆಯಾಡಿಸಿ, ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ.

"ಆ ಗಂಟಿನಾಗ ಇನ್ನ ಎಷ್ಟ ಓಡೂದಿಲ್ಲ?"

ಗಂಗಾದೇವಿ ಬೆರಳು ಮಡಚಿ ಎಣಿಸಿದಳು. ಕೈ ಜಜ್ಜಿದ ಮಳೆಗಾಲದಿಂದ ದೀಪಾವಳಿಯವರೆಗೆ ಓದಿ, ಓಡುತ್ತವೆ ಎಂದು ಸುಳ್ಳು ಹೇಳಿದವನ್ನೆಲ್ಲ ನೆನಪು ಮಾಡಿಕೊಂಡಳು.

"ಏಳು," ಎಂದಳು.

ಅವನು ಕಿಟಕಿಯ ಹೊರಗೆ ನೋಡಿದ. ಏಳನ್ನೂ ಒಂದೊಂದಾಗಿ ಮನಸ್ಸಿನಿಂದ ಇಳಿಸಿ ಇಡುತ್ತಿರುವವನ ಹಾಗಿತ್ತು ಆ ನೋಟ.

"ಆ ಕೆಂಪಂದು?" ಎಂದು ಕೇಳಿದ ಕೊನೆಗೆ. "ನೆಲಕ್ಕ ಹೊಟ್ಟಿ ಹಚ್ಚಿ ಮಲಗೇತೆಲ್ಲ, ಅದು?"

"ಅದು ಖರೇನ ಓಡ್ತೈತ್ರಿ. ಪಂದ್ಯಾನೂ ಗೆದ್ದೈತಂತ."

"ಮನಿಗೆ ಹೋದ ಮ್ಯಾಲ ಅದನ್ನ ಓದು," ಎಂದ ಗುರುಪಾದಪ್ಪ. "ಬರದದ್ದ ಬರದಂಗ ಓದು."