ಕೊನೆಯ ಹತ್ತು ನಿಮಿಷ

ಸಿನಿಮಾ ಮುಗಿಯಲು ಹತ್ತು ನಿಮಿಷ ಇರುವಾಗ ಅವನು ಎದ್ದುಬಿಡುತ್ತಾನೆ. ಚಿತ್ರಮಂದಿರದಲ್ಲಾದರೆ ಸಾಲುಸಾಲು ಮಂಡಿಗಳನ್ನು ದಾಟುತ್ತ, "ಸ್ವಲ್ಪ ಜಾಗ, ಸ್ವಲ್ಪ ಜಾಗ" ಎಂದು ಗೊಣಗುತ್ತ ಹೊರಗೆ; ಮನೆಯಲ್ಲಾದರೆ ಸೀದಾ ಅಡುಗೆಮನೆಗೆ, ಪಾತ್ರೆ ತೊಳೆಯಲು. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ಹೊಟ್ಟೆಯ ತೊಂದರೆ ಎಂದುಕೊಂಡಿದ್ದಳು. ಆಮೇಲೆ ತಿಳಿಯಿತು: ಮನಸ್ಸಿಗೆ ಹಿಡಿದ ಚಿತ್ರ ಮುಗಿಯುವುದನ್ನು ಅವನು ನೋಡಲಾರ. ಹಿಡಿಸದ ಚಿತ್ರವನ್ನಾದರೆ ಹೆಸರುಗಳೆಲ್ಲ ಮೇಲೇರಿ ಹೋಗುವ ತನಕ ನೆಮ್ಮದಿಯಾಗಿ ಕೂತು ನೋಡುತ್ತಾನೆ.

ಲಿಫ್ಟ್ ರಿಪೇರಿ ಅವನ ಕಸುಬು. ಸಲಕರಣೆಯ ಚೀಲ ಹೆಗಲಲ್ಲಿ ಇಲ್ಲದಾಗಲೂ ಇದ್ದಂತೆಯೇ ಬಲಕ್ಕೆ ವಾಲಿ ನಡೆಯುತ್ತಾನೆ. ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜು ಸೇರಿದ್ದು ಮೇಲ್ವಿಚಾರಕನ ಹುದ್ದೆಗಾಗಿ. ಅದು ಸಿಕ್ಕರೆ ಹೊತ್ತಲ್ಲದ ಹೊತ್ತಿನಲ್ಲಿ ಲಿಫ್ಟಿನ ಕತ್ತಲ ಗುಂಡಿಗೆ ಇಳಿಯುವುದು ತಪ್ಪುತ್ತದೆ. ಹೋದ ವರ್ಷ ಅವನ ಪ್ರಬಂಧಕ್ಕೆ ಉಪಸಂಹಾರವೇ ಇಲ್ಲವೆಂದು ಮೇಷ್ಟರು ಹಿಂದಕ್ಕೆ ಕೊಟ್ಟಿದ್ದರು. ಈ ವರ್ಷದ್ದೂ ಕೊನೆಯ ಪುಟದಲ್ಲೇ ನಿಂತಿತ್ತು. ಸೋಮವಾರ ಒಪ್ಪಿಸದಿದ್ದರೆ ಹುದ್ದೆ ಇನ್ನೊಬ್ಬನ ಪಾಲು.

ಭಾನುವಾರ ಮಧ್ಯಾಹ್ನ ಅವನು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ, ಬರೆಯುವುದು ಬಿಟ್ಟು, ತಾನು ಕೊನೆ ನೋಡದ ಸಿನಿಮಾಗಳನ್ನು ನೆನೆಯುತ್ತಿದ್ದ. ಒಂದರಲ್ಲಿ ಕನ್ನಡಿ ಮಾರುವ ಹುಡುಗಿ. ಇನ್ನೊಂದರಲ್ಲಿ ಮಾತು ಬಿಟ್ಟರೂ ಚದುರಂಗ ಬಿಡದ ಅಣ್ಣತಮ್ಮಂದಿರು. ಎಲ್ಲಕ್ಕಿಂತ ಮಿಗಿಲಾದದ್ದು, ಕಳೆದುಹೋದ ಮಗಳನ್ನು ಹುಡುಕುತ್ತ ನಿಲ್ದಾಣದಿಂದ ನಿಲ್ದಾಣಕ್ಕೆ ಅಲೆಯುವ ತಾಯಿಯ ಕಥೆ.

"ನೋಡೇ, ಆ ಅಮ್ಮ ಕಡೇ ಸ್ಟೇಷನ್ನಲ್ಲಿ ಇಳಿಯೋವಾಗ ತಲೆಗೂದಲು ಸರಿಮಾಡ್ಕೋತಾಳಲ್ಲ, ಮಗಳ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ. ಅಷ್ಟು ಸಾಕಪ್ಪ ನಂಗೆ."

"ನಿಮಗೆ ಸಾಕು. ಮೇಷ್ಟ್ರಿಗೆ ಸಾಕಾಗ್ಬೇಕಲ್ಲ" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತ.

"ಬರೀತೀನಿ ಇರೇ. ತಲೆ ಹದಕ್ಕೆ ಬರ್ಲಿ."

"ಬೆಳಿಗ್ಗೆಯಿಂದ ಹದ ಮಾಡ್ತಿದೀರ. ಇಷ್ಟೊತ್ತಿಗೆ ಕಲ್ಲೂ ಬೆಂದಿರೋದು."

ಅವನು ನಕ್ಕ. ನಗು ಬೇಗ ಇಳಿಯಿತು. ಖಾಲಿ ಪುಟದ ಭಯ ಆ ಹಳೆಯ ಭಯವನ್ನು ಮೀರಿತೋ ಏನೋ, ಇಷ್ಟು ವರ್ಷ ಕೇಳದ್ದನ್ನು ಕೇಳಿದ: "ಸಿಗ್ತಾಳಾ ಮಗಳು?"

ಹೆಂಡತಿಯ ಕೈ ನಿಂತಿತು. ಒಂದು ಸುಳ್ಳು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯಿತು.

"ಸಿಗಲ್ಲ ರೀ."

"ಮತ್ತೆ?"

"ಅಮ್ಮ ಬೆಂಚಿನ ಮೇಲೆ ಕೂತ್ಕೋತಾಳೆ. ಪಕ್ಕದಲ್ಲಿ ಯಾರೋ ಹೆಂಗಸು ಅರ್ಧ ಬ್ರೆಡ್ಡು ಕೊಡ್ತಾಳೆ. ತಿಂತಾಳೆ. ಮುಗೀತು."

"ತಿಂತಾಳಾ?"

"ಹೂಂ. ಪೂರ್ತಿ."

ಅವನು ಪೆನ್ನಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. "ಹಸಿದಿರ್ತಾಳೆ, ಪಾಪ" ಎಂದ. ಆಮೇಲೆ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಬರೆಯತೊಡಗಿದ. ಅವಳು ಸದ್ದಾಗದಂತೆ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವನು ಬರೆದದ್ದು ಕೆಲವೇ ಸಾಲು, ಅಷ್ಟೇನೂ ಸೊಗಸಾಗಿರಲಿಲ್ಲ. ಮಾರನೆಯ ದಿನ ಮೇಷ್ಟರು ಕೊನೆಯ ಪುಟ ತಿರುವಿ ನೋಡಿ, ಈ ಸಲ ಹಿಂದಕ್ಕೆ ಕೊಡದೆ ತೆಗೆದಿಟ್ಟುಕೊಂಡರು.

ಇಂಥವರನ್ನು ಸೋಮಾರಿಗಳೆಂದು ಕರೆಯುವುದು ಸುಲಭ. ಅಕ್ಕರೆಯಿಂದ ಹಿಡಿದದ್ದನ್ನು ಕೈಬಿಡಲಾರದೆ ಅವರು ವರ್ಷಗಟ್ಟಲೆ ಹೊಸ್ತಿಲ ಮೇಲೆಯೇ ನಿಂತಿರುತ್ತಾರೆ. ಆಚೆ ಏನಿದೆಯೆಂದು ಮೆಲುದನಿಯಲ್ಲಿ ನಿಜ ಹೇಳುವವರೊಬ್ಬರು ಮನೆಯಲ್ಲಿದ್ದರೆ, ತಡವಾಗಿಯಾದರೂ ದಾಟುತ್ತಾರೆ.