ದೊರೆಸಾನಿಯ ಎಡಗಾಲು

ದೊರೆಸಾನಿ ಎಡಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಕ್ಷೌರದಂಗಡಿಯ ಹೊಸ್ತಿಲ ಬಳಿ ನಿಂತು ಅದನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಳ್ಳುತ್ತಿತ್ತು. ಯಾರಾದರೂ ಒಳಗೆ ಬಂದರೆ ಎರಡು ಹೆಜ್ಜೆ ಕುಂಟಿ, ಮತ್ತೆ ಕಾಲು ಮಡಚಿ, ತನಗೇನೂ ಆಗಿಲ್ಲವೆಂಬಂತೆ ಕತ್ತು ಕೊಂಕಿಸುತ್ತಿತ್ತು. ಬೆಂಚಿನ ಮೇಲೆ ಕೂತರೆ ಗಿರಾಕಿ ಬಂದರೂ ಏಳದ ಈ ಕಂದು ಕೋಳಿಗೆ ಆ ಹೆಸರಿಟ್ಟವನು ಅಂಗಡಿಯ ಯಜಮಾನನೇ.

"ಸಂಧಿವಾತ ಕಣಯ್ಯ," ಅಂದರು ಕುರ್ಚಿಯಲ್ಲಿ ಗದ್ದ ಎತ್ತಿ ಕೂತಿದ್ದ ಮೇಷ್ಟ್ರು. "ನನಗೂ ಹೀಗೇ ಶುರುವಾಗಿದ್ದು."

"ನಿಮಗೆ ವಯಸ್ಸಾಯ್ತು ಬಿಡಿ," ಅಂದ ಬೆಂಚಿನ ಮೇಲಿದ್ದ ಬಸ್ ಡ್ರೈವರ್. "ಇದರದ್ದು ಆಕ್ಸಲ್ ಹೋಗಿದೆ. ಒಂದೇ ಕಡೆ ವಾಲ್ತಾ ಇಲ್ವಾ?"

ಒಳಮನೆಯ ಪರದೆ ಸರಿಸಿ ಯಜಮಾನನ ಅಕ್ಕ ಬಂದಳು. ಮನೆ, ಮನೆಯ ಮುಂದಿನ ಈ ಅಂಗಡಿ ಕೋಣೆ ಎರಡೂ ಅವಳದೇ. ತಮ್ಮನಿಗೆ ಅವಳ ಮುಂದೆ ಎಂದೂ ಬಾಯಿಲ್ಲ.

"ಇವತ್ತು ಕಾಲಿಗೆ ಬಂದಿದ್ದು ನಾಳೆ ಗಿರಾಕಿಗಳಿಗೆ ಬರತ್ತೆ. ರೋಗದ ಕೋಳಿ ಇರೋ ಕಡೆ ಯಾರು ತಲೆ ಕೊಡ್ತಾರೆ? ಸಾಯಂಕಾಲ ಮೊಟ್ಟೆಯವನು ಬರ್ತಾನಲ್ಲ, ತಗೊಂಡು ಹೋಗಲಿ."

ಮೊಟ್ಟೆಯವನ ಬುಟ್ಟಿ ಸೇರಿದ ಕೋಳಿ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಯಜಮಾನ ಆಗಲೇ ಹರಿತವಾಗಿದ್ದ ಕತ್ತಿಯನ್ನು ಚರ್ಮದ ಪಟ್ಟಿಗೆ ಸುಮ್ಮನೆ ಮಸೆಯುತ್ತಲೇ ಇದ್ದ.

ಇದನ್ನೆಲ್ಲ ಪರದೆಯ ಹಿಂದೆ ಕೇಳುತ್ತಿದ್ದವಳು ಅವನ ಮಗಳು. ಡಿಗ್ರಿ ಮುಗಿದಿದ್ದರೂ ಮನೆಯವರ ಬಾಯಲ್ಲಿ ಅವಳಿನ್ನೂ ಪಾಪು. ಅಂಗಡಿಗೆ ಬಿಸಿನೀರು ಕೊಡುವುದಿದ್ದರೆ ಪರದೆಯಡಿ ಚೊಂಬು ತಳ್ಳಿ ಕೈ ಹಿಂದಕ್ಕೆಳೆದುಕೊಳ್ಳುವ ಹುಡುಗಿ. ಗಂಡಸರು ತುಂಬಿದ ಆ ಕೋಣೆಯಲ್ಲಿ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ದೊರೆಸಾನಿಯ ಜೊತೆ ಮಾತ್ರ ಹಿತ್ತಲಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದಳು.

ಅವಳು ಕೋಳಿಯನ್ನು ಹಿತ್ತಲಿಗೊಯ್ದು ತೊಡೆಯ ಮೇಲೆ ಅಂಗಾತ ಮಲಗಿಸಿದಳು. ಎಡಪಾದದ ಅಡಿ ಊದಿತ್ತು, ಮುಟ್ಟಿದರೆ ಬೆಚ್ಚಗಿತ್ತು, ನಡುವೆ ಮೆಣಸಿನ ಕಾಳಿನಂಥ ಕರಿ ಹಕ್ಕಳೆ. ಬಲಪಾದ ತಿರುಗಿಸಿ ನೋಡಿದಳು. ಅಲ್ಲೂ ಸ್ವಲ್ಪ ಕೆಂಪು. ಜುಟ್ಟು ಮಾತ್ರ ಎಂದಿನಂತೆ ಆರೋಗ್ಯದ ಕೆಂಪು, ಕಣ್ಣು ಮಿಣಮಿಣ, ಬೆರಳಿನಿಂದ ಅನ್ನದ ಅಗುಳು ಕಿತ್ತುಕೊಳ್ಳುವ ಹಸಿವು. ರೋಗವಾದರೆ ಅದು ಪಾದದಲ್ಲೇ ಯಾಕೆ ಬಿಡಾರ ಹೂಡಿತು?

ಮಧ್ಯಾಹ್ನ ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ಅವಳು ಬೆಂಚಿನ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಳು. ದೊರೆಸಾನಿ ಅತ್ತಿತ್ತ ನೋಡಿತು. ಸ್ಟೂಲು ಹತ್ತಿತು, ಅಲ್ಲಿಂದ ಕುರ್ಚಿಯ ಕೈ, ಅಲ್ಲಿಂದ ಪೌಡರ್ ಡಬ್ಬಿಗಳ ಹಲಗೆ, ಕೊನೆಗೆ ಕನ್ನಡಿ ಬೀರುವಿನ ನೆತ್ತಿ. ಅಲ್ಲಿ ಬಹಳ ಹೊತ್ತು ಗಂಭೀರವಾಗಿ ಕೂತು, ಆಮೇಲೆ ಧುಮುಕಿತು.

ಇಸ್ತ್ರಿಪೆಟ್ಟಿಗೆ ಕೈಜಾರಿ ಸಿಮೆಂಟು ನೆಲಕ್ಕೆ ಬಿದ್ದಂಥ ಸದ್ದು. ಪಟಪಟ ಎನ್ನುವ ರೆಕ್ಕೆಯ ಸದ್ದೇ ಇಲ್ಲ.

ಪಾಪು ಅದನ್ನು ಎತ್ತಿಕೊಂಡು ರೆಕ್ಕೆ ಬಿಡಿಸಿದಳು. ಉದ್ದನೆಯ ಗರಿಗಳ ತುದಿಯನ್ನು ಅಡಿಕೋಲು ಇಟ್ಟಂತೆ ಕತ್ತರಿಸಲಾಗಿತ್ತು. ಇನ್ನೊಂದು ರೆಕ್ಕೆಯಲ್ಲೂ ಅಷ್ಟೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಒಮ್ಮೆ ದೊರೆಸಾನಿ ಹಾರಿ ಡ್ರೈವರನ ಸೋಪುಮುಖದ ಮೇಲೆ ಕೂತಿದ್ದಕ್ಕೆ ಅಪ್ಪ ಮಾಡಿದ ಉಪಾಯ ಅದು. ಒಂದು ರೆಕ್ಕೆ ಸಾಕೆಂದು ಮೊಟ್ಟೆಯವನು ಹೇಳಿದ್ದ. ಆದರೆ ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಬಿಡುವುದು ಅಪ್ಪನ ಕೈಗೆ ಬರುವ ಕೆಲಸವಲ್ಲ. ಅಂಥ ತಲೆ ಬೀದಿಯಲ್ಲಿ ಹೋಗುತ್ತಿದ್ದರೂ ಕರೆದು ಸರಿಮಾಡುವ ಮನುಷ್ಯ.

ಕೋಳಿ ಉಳಿಯಬೇಕಾದರೆ ಅವಳು ಮಾತಾಡಬೇಕು. ಮಾತಾಡಿದರೆ ಅಪ್ಪನ ಕತ್ತರಿಗೆ ಕೆಟ್ಟ ಹೆಸರು, ಅದೂ ಗಿರಾಕಿಗಳ ಎದುರು.

ಸಂಜೆ ಮೊಟ್ಟೆಯವನ ಸೈಕಲ್ ಬೆಲ್ ಕೇಳಿತು. ಅವನು ಬುಟ್ಟಿ ಹಿಡಿದು ಒಳಬಂದ. ಅತ್ತೆ ಆಗಲೇ ಅಲ್ಲಿದ್ದಳು. ಕುರ್ಚಿಯಲ್ಲಿ ಈಗ ಡ್ರೈವರ್. ಪಾಪು ಕೋಳಿಯನ್ನು ಎದೆಗವಚಿಕೊಂಡು ಪರದೆ ದಾಟಿದಳು. ಎಲ್ಲರೂ ಅವಳನ್ನು ಕನ್ನಡಿಯಲ್ಲಿ ನೋಡಿದರು. ಅವಳೂ ಕನ್ನಡಿಗೇ ಹೇಳಿದಳು, ಅದು ಸ್ವಲ್ಪ ಸುಲಭವಾಗಿತ್ತು.

"ರೋಗ ಅಲ್ಲ ಅತ್ತೆ. ಬೀರು ಮೇಲಿಂದ ಧುಮುಕಿ ಧುಮುಕಿ ಪಾದಕ್ಕೆ ಪೆಟ್ಟಾಗಿದೆ. ಯಾರಿಗೂ ಅಂಟಲ್ಲ."

"ಕೋಳಿ ಧುಮುಕಿದರೆ ಪೆಟ್ಟಾಗತ್ತೇನೇ? ದೇವರು ರೆಕ್ಕೆ ಕೊಟ್ಟಿರೋದು ಯಾಕೆ?"

ಪಾಪು ಕೋಳಿಯ ರೆಕ್ಕೆಯ ಮೇಲೆ ಕೈಯಿಟ್ಟಳು. ಅಪ್ಪನ ಕಡೆ ನೋಡಬಾರದೆಂದುಕೊಂಡೇ ನೋಡಿದಳು.

ಅಪ್ಪ ಕತ್ತರಿ ಕೆಳಗಿಟ್ಟು ಬಂದ. ಗಿರಾಕಿಯ ಕೂದಲನ್ನು ಎರಡು ಬೆರಳ ನಡುವೆ ಎತ್ತುವಂತೆ ಒಂದು ರೆಕ್ಕೆ ಬಿಡಿಸಿ ನೋಡಿದ, ಆಮೇಲೆ ಇನ್ನೊಂದನ್ನು.

"ಸಮವಾಗಿದೆ," ಅಂದ ಮೆಲ್ಲಗೆ. "ಒಂದೇ ಕತ್ತರಿಸು ಅಂತ ಇವನು ಬಡ್ಕೊಂಡ. ನಾನು ಕೇಳಲಿಲ್ಲ ಅಕ್ಕ. ಇದು ನನ್ನ ಕೈ ಕೆಲಸ."

"ಒಂದಾದರೂ ಇದ್ದಿದ್ದರೆ ಇಳಿಯೋಕೆ ಆಸರೆ ಆಗೋದು," ಅಂದ ಮೊಟ್ಟೆಯವನು.

"ಬ್ರೇಕ್ ಕಿತ್ತು ಗಾಡಿ ಬಿಟ್ಟಿದ್ದೀಯಲ್ಲ ಮಾರಾಯ," ಅಂದ ಡ್ರೈವರ್. "ನನ್ನ ತಲೆ ಕಡೆ ಸ್ವಲ್ಪ ಗಮನ ಇರಲಿ."

ಅತ್ತೆ ಕೋಳಿಯ ಪಾದವನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿದಳು. ದೊರೆಸಾನಿ ಗೊಣಗಿತು. ಅತ್ತೆಯೂ ಗೊಣಗಿದಳು. "ನಿಂತು ಏನು ನೋಡ್ತಿದ್ದೀಯೆ? ಬಿಸಿನೀರಿಗೆ ಉಪ್ಪು ಹಾಕಿ ತಗೊಂಡು ಬಾ."

ಮೊಟ್ಟೆಯವನು ಖಾಲಿ ಬುಟ್ಟಿ ಹಿಡಿದು ಹೊರಟ. ಬೋಗುಣಿಯ ಬೆಚ್ಚನೆ ನೀರಿನಲ್ಲಿ ಕಾಲಿಟ್ಟ ದೊರೆಸಾನಿ, ಅತ್ತೆಯ ಕೈಯಲ್ಲೇ ಕಣ್ಣು ಮುಚ್ಚಿತು.

ಹಕ್ಕಳೆ ಮೆತ್ತಗಾಗಿ ಉದುರಿತು, ಊತ ಇಳಿಯಿತು. ಗರಿ ಮಾತ್ರ ಹಳೆಯದು ಉದುರಿ ಹೊಸದು ಬರುವವರೆಗೆ ಕಾಯಬೇಕು. ಸ್ಟೂಲು ತೆಗೆದಿಟ್ಟರೆ ಕೋಳಿ ಬೆಂಚಿನಿಂದ ದಾರಿ ಹುಡುಕಿತು. ಬೀರುವಿನ ಮೇಲೆ ಉಗುರು ಪರಚುವ ಸದ್ದಾದರೆ ಅಪ್ಪ ಅರ್ಧ ಕೆನ್ನೆಗೇ ಕತ್ತಿ ನಿಲ್ಲಿಸುತ್ತಿದ್ದ. "ಒಂದ್ನಿಮಿಷ ಮೇಷ್ಟ್ರೇ, ದೊರೆಸಾನಿ ಇಳೀತಾರಂತೆ." ಅವನ ಕೈಯೆಲ್ಲ ನೊರೆಯಾಗಿದ್ದಾಗ "ಪಾಪೂ" ಎಂದು ಕೂಗುತ್ತಿದ್ದ, ಅವಳು ಬಂದು ಇಳಿಸುತ್ತಿದ್ದಳು.

ಹಾಗೆ ಬಂದ ಒಂದು ದಿನ ಅವಳು ಕೋಳಿಯನ್ನು ಇಳಿಸಿದ ಮೇಲೂ ಬೆಂಚಿನ ಮೇಲೆ ತುದಿಗಾಲಲ್ಲಿ ನಿಂತೇ ಇದ್ದಳು. ಇಷ್ಟು ಪೆಟ್ಟು ತಿಂದೂ ಮತ್ತೆ ಮತ್ತೆ ಹತ್ತುವಂಥದ್ದು ಅಲ್ಲಿ ಏನಿದೆ? ಗದ್ದವನ್ನು ಬೀರುವಿನ ಅಂಚಿಗಿಟ್ಟು, ಅಲ್ಲಿಂದ ಅಂಗಡಿಯ ಕಡೆ ತಿರುಗಿ ನೋಡಿದಳು.

"ಏನು ಕಾಣ್ತಾ ಇದೆ ಪಾಪು ಅಲ್ಲಿಂದ?" ಕುರ್ಚಿಯಲ್ಲಿದ್ದ ಡ್ರೈವರ್ ಕೇಳಿದ.

"ನಿಮ್ಮ ನುಣ್ಣನೆ ನೆತ್ತಿ, ಡ್ರೈವರಣ್ಣ," ಅಂದಳು ಅವಳು. "ಅಪ್ಪ ಅಲ್ಲಿ ಏನು ಕತ್ತರಿಸ್ತಾರೆ ಅಂತ ನೋಡ್ತಾ ಇದೀನಿ."